ಹರಕೆ ಮರದ ಪೆಟ್ಟಿಗೆ

ಆ ಬೆಳಿಗ್ಗೆ ಗಾಳಿ ಬೆಟ್ಟದ ಕಡೆಯಿಂದ ಇಳಿದು ಸರೋವರದತ್ತ ಹೋಗುತ್ತಿತ್ತು. ಸೋನೆ ಬಂದು ಬಂದು ನಿಲ್ಲುತ್ತಿತ್ತು. ಇಂಥ ಥಂಡಿಗೆ ಮರ ನೀರು ಕುಡಿದು ಉಬ್ಬುತ್ತದೆ, ಉಳಿ ಮಾತು ಕೇಳುವುದಿಲ್ಲ ಎಂದು ಪಾಯೆತೆ ಊರಿನ ಕೆತ್ತನೆಯವರು ಕೈಕಟ್ಟಿ ಕೂರುತ್ತಾರೆ. ಅಂಬೋ ಮಾತ್ರ ಕಿಟಕಿಯ ಬಳಿ ಕೂತು, ಅಂಗೈಯಗಲದ ಪೆಟ್ಟಿಗೆಯೊಳಗೆ ತಂತಿ ಬೆಸೆಯುತ್ತಿದ್ದ.

ಮೂವತ್ತು ವರ್ಷ ಸಂತರ ಮುಖ ಕೆತ್ತಿದ ಕೈ ಅದು. ಬೆಸುಗೆ ಕಡ್ಡಿ ಹಿಡಿದು ಇನ್ನೂ ತಿಂಗಳಾಗಿರಲಿಲ್ಲ. ಸಿಗರೇಟು ಬಿಡುತ್ತೇನೆಂದು ಹೆಂಡತಿ ಮಿಲಿಂಗಳಿಗೆ ಮಾತು ಕೊಟ್ಟಿದ್ದ. ಅಂಗಡಿಯಲ್ಲಿ ಸಿಗುವ ಇ-ಸಿಗರೇಟು ಅವನ ಎದೆಗೆ ಸಪ್ಪೆಯಾಯಿತು. ವೋಲ್ಟೇಜನ್ನು ಏರಿಸಿ ಇಳಿಸಿ ಆವಿಯನ್ನು ದಟ್ಟ ಮಾಡಿಕೊಳ್ಳುವ, ತೆಳು ಮಾಡಿಕೊಳ್ಳುವ ಯಂತ್ರವನ್ನು ಊರ ಹುಡುಗರು ತಾವೇ ಕಟ್ಟಿಕೊಳ್ಳುತ್ತಿದ್ದ ಕಾಲ. ತಾನೂ ಕಟ್ಟುತ್ತೇನೆಂದು ಹೊರಟ. ಎರಡು ಸೆಲ್ಲು, ಬೆಂಕಿಪೊಟ್ಟಣದಷ್ಟು ಸರ್ಕ್ಯೂಟು, ತಿರುಗಿಸಲು ಒಂದು ಗುಂಡಿ, ಒತ್ತಲು ಒಂದು ಗುಂಡಿ. ಇವೆಲ್ಲ ಕೊಂಡದ್ದು. ಪೆಟ್ಟಿಗೆಯ ಮರ ಮಾತ್ರ ಕೊಂಡದ್ದಲ್ಲ.

ಅದು ಬಾಟಿಕುಲಿಂಗ್ ಮರ. ಊರಿಗೆಲ್ಲ ಅಜ್ಜಿಯಾದ ಲೋಲಾ ಸೆಬ್ಯಾಳ ಗಂಡ ಬದುಕಿದ್ದಾಗ ನೆಟ್ಟದ್ದು. ಅವನು ತೀರಿಕೊಂಡ ವರ್ಷ ಅದೂ ಗಾಳಿಗೆ ಉರುಳಿತು. ಮುದುಕಿ ಅದನ್ನು ಸಂತ ರೋಕನಿಗೆ ಹರಕೆ ಹೊತ್ತು, ಪ್ರತಿಮೆ ಮಾಡಿಕೊಡೆಂದು ಅಂಬೋನ ಮನೆಗೆ ಎತ್ತಿಸಿ ತಂದಿದ್ದಳು. ಹರಕೆ ಮರದ ಚಕ್ಕೆಯೂ ಹರಕೆಯೇ, ಉಳಿದದ್ದನ್ನು ಕೊಟ್ಟ ಮನೆಗೇ ಮುಟ್ಟಿಸಬೇಕು ಎಂಬುದು ಅಂಬೋನ ಅಪ್ಪ ಕಾಯ್ದುಕೊಂಡು ಬಂದ ನಡತೆ. ಆದರೆ ಪ್ರತಿಮೆಯಲ್ಲಿ ಸಂತನ ಕಾಲಬಳಿ ಕೂರುವ ನಾಯಿಯನ್ನು ಕೆತ್ತಿದ ಮೇಲೆ ಪಕ್ಕದಲ್ಲಿ ಉಳಿದ ಒಂದು ತುಂಡು, ಬೆಣ್ಣೆಯಂಥ ನುಣುಪಿನದು, ಅಂಬೋನ ಕಣ್ಣಿಗೆ ಬಿತ್ತು. ಇಷ್ಟಕ್ಕೇನು ಎಂದುಕೊಂಡ. ಪಾಪ ಯಾವಾಗಲೂ ಇಷ್ಟಕ್ಕೇನು ಎಂದೇ ಬಾಗಿಲು ತಟ್ಟುವುದು.

ಲೋಲಾ ಸೆಬ್ಯಾ ಅದೇ ಬೆಳಿಗ್ಗೆ ಕೊಡೆ ಮಡಚುತ್ತ ಒಳಗೆ ಬಂದಳು. ಅಂಬೋ ಪೆಟ್ಟಿಗೆಯನ್ನು ಚಿಂದಿಬಟ್ಟೆಯ ಕೆಳಗೆ ತಳ್ಳಿದ. ಮುದುಕಿ ಸಂತನ ಪಾದ ಮುಟ್ಟಿ, ಆ ಬೆರಳನ್ನು ತುಟಿಗೊತ್ತಿಕೊಂಡು, ಬಹಳ ಹೊತ್ತು ನಿಂತಳು. ಆಮೇಲೆ ಕೇಳಿದಳು:

"ಉಳಿದ ತುಂಡೇನಾದ್ರೂ ಇದ್ಯೇನಪ್ಪಾ? ಒಂದು ಸಣ್ಣ ಶಿಲುಬೆ ಆಗೋವಷ್ಟು ಸಾಕು. ನಾನು ಹೋಗೋ ದಿನ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ."

ಅಂಬೋನ ನಾಲಗೆ ಅವನನ್ನು ಕೇಳದೆಯೇ ಹೊರಳಿತು. "ತಿರುಳಿಗೆ ಹುಳ ಬಿದ್ದಿತ್ತು ಲೋಲಾ. ಒಲೆಗೆ ಹಾಕ್ಬಿಟ್ಟೆ."

"ಅಯ್ಯೋ, ಹುಳ ಬಿದ್ದ ಮರ ಕೊಟ್ಟು ನಿನಗೇ ತೊಂದ್ರೆ ಮಾಡಿದ್ನಲ್ಲ," ಎಂದು ಮುದುಕಿ ಅವನ ತೋಳು ಸವರಿ ಹೊರಟುಹೋದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸವರಿದ ಕೈ ಅಂಬೋನ ತೋಳಿನ ಮೇಲೇ ಉಳಿದುಬಿಟ್ಟಿತು.

ಮಧ್ಯಾಹ್ನ ಅವನು ಮೊಬೈಲು ರಿಪೇರಿ ಮಾಡುವ ತೆರೋಯ್‌ನ ಅಂಗಡಿಗೆ ಹೋದ. ತೆರೋಯ್ ಮುಚ್ಚಳ ತೆಗೆದು ಮೂಗು ಮುರಿದ. "ಕುಯಾ, ಇದು ಬೆಸುಗೆನೋ ಕೋಳಿ ಹಿಕ್ಕೆನೋ? ಸಂತರ ಮೂಗನ್ನೂ ಹಿಂಗೇ ಅಂಟಿಸ್ತೀಯಾ?" ಎಂದ. ಅಣ್ಣ ಎಂದು ಕರೆದೇ ಅಣಕಿಸುವುದು ಅವನ ರೂಢಿ. ಎರಡು ಕಡೆ ಬೆಸುಗೆ ಬಿಡಿಸಿ ಮತ್ತೆ ಹಾಕಿಸಿದ. ಬಿಸಿಯಾಗಬೇಕಾದ್ದು ತಂತಿ, ಕಡ್ಡಿಯ ತುದಿಗೆ ಸೀಸ ಮೆತ್ತಿ ತಂದು ಬಳಿಯುವುದಲ್ಲ ಎಂದು ಕೈಹಿಡಿದು ಕಲಿಸಿದ. ಗುಂಡಿ ತಿರುಗಿಸಿದಂತೆ ಮೀಟರಿನ ಅಂಕಿ ಮೂರೂವರೆಯಿಂದ ಐದಕ್ಕೆ ಏರಿತು, ಹಿಂದಕ್ಕೆ ತಿರುಗಿಸಿದರೆ ಇಳಿಯಿತು. ಐವತ್ತು ದಾಟಿದ ಅಂಬೋ ಮಗುವಿನಂತೆ ನಕ್ಕ. ನಗುತ್ತಿರುವಾಗಲೇ ಬೆಳಗಿನ ಮಾತು ನೆನಪಾಗಿ, ಪೆಟ್ಟಿಗೆಯನ್ನು ಜೇಬಿಗಿಟ್ಟುಕೊಂಡು ಎದ್ದ.

ಮನೆಗೆ ಬಂದವನು ಕೆತ್ತನೆಯವನು ಮಾತ್ರ ಮಾಡುವ ತಪ್ಪು ಮಾಡಿದ. ಸಂತನ ಮೈಯಲ್ಲಿ ಕೂದಲೆಳೆಯ ಸಂದು ಉಳಿದರೂ ಅದು ಅವನ ಮನೆತನಕ್ಕೆ ಅವಮಾನ. ಅದೇ ಕಣ್ಣಿನಿಂದ ಪೆಟ್ಟಿಗೆಯನ್ನು ನೋಡಿದ. ಅದೇ ಮರದ ಹೊಟ್ಟನ್ನು ಅಂಟಿಗೆ ಕಲಸಿ ಸರ್ಕ್ಯೂಟಿನ ಸುತ್ತ ತುಂಬಿದ, ಸಂದುಗೊಂದುಗಳನ್ನೆಲ್ಲ ಮುಚ್ಚಿದ, ಎಣ್ಣೆ ಹಚ್ಚಿ ಉಜ್ಜಿದ. ಮುಚ್ಚಳ ಎಲ್ಲಿದೆಯೆಂದು ಅವನಿಗೇ ಕಾಣದಂತಾಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಇಂಥ ಯಂತ್ರ ಕಟ್ಟುವವರೆಲ್ಲ ಸರೋವರದ ದಂಡೆಯ ಅನ್ನದಂಗಡಿಯಲ್ಲಿ ಸೇರಿದರು. ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಎಳೆದರು, ಎಲ್ಲರೂ ಹೊಗಳಿದರು. ಮರ ಯಾವುದೆಂದು ಒಬ್ಬ ಕೇಳಿದ. ನಮ್ಮ ಹಿತ್ತಿಲದ್ದೇ ಎಂದ ಅಂಬೋ. ಒಂದು ಸುಳ್ಳು ಇನ್ನೊಂದಕ್ಕೆ ಚಾಪೆ ಹಾಸಿ ಕೊಡುತ್ತದೆ.

ಬಾಯಿಂದ ಬಾಯಿಗೆ ಬಿಡುವಿಲ್ಲದೆ ಹೋದ ಪೆಟ್ಟಿಗೆ ಸುತ್ತು ಮುಗಿಸಿ ಬರುವಷ್ಟರಲ್ಲಿ ಕೈಸುಡುತ್ತಿತ್ತು. ತೆರೋಯ್ ಕಸಿದುಕೊಂಡು, ಚೂರಿಯಿಂದ ಮೀಟಿ ಮುಚ್ಚಳ ಎಬ್ಬಿಸಿ, ಸೆಲ್ಲುಗಳನ್ನು ಕಿತ್ತು ಮರಳಿಗೆ ಎಸೆದ. ಒಳಗೋಡೆ ಕರ್ರಗೆ ಸುಟ್ಟಿತ್ತು. "ಉಸಿರಾಡೋಕೆ ತೂತು ಎಲ್ಲಿ ಕುಯಾ? ಜೀವಂತ ಇದ್ದೋನ್ನ ಹೂತಿದ್ದೀಯಲ್ಲೋ," ಎಂದ. ದಂಡೆಯೆಲ್ಲ ನಕ್ಕಿತು.

ಅಂಬೋ ಆ ನಗುವಿಗೆ ನಾಚಲಿಲ್ಲ. ಬಿಸಿಗೆ ಮರದಿಂದ ಎದ್ದ ಘಮ ಅವನ ತಲೆ ತಗ್ಗಿಸಿತು. ಆ ಮರ ಕೊಯ್ದ ದಿನ ಮನೆಯೆಲ್ಲ ಇದೇ ಘಮ ತುಂಬಿತ್ತು. ಲೋಲಾ ಸೆಬ್ಯಾ ಆಗ ಕಣ್ಣುಮುಚ್ಚಿ, ನಮ್ಮ ಯಜಮಾನ್ರು ಬಂದ ಹಾಗಿದೆ ಎಂದಿದ್ದಳು.

ಮನೆಗೆ ಬಂದು ತಂತಿ, ಸರ್ಕ್ಯೂಟು ಎಲ್ಲ ಕಿತ್ತು ತೆಗೆದ. ಸುಡದೆ ಉಳಿದ ಮಗ್ಗುಲಿನಿಂದ ಶಿಲುಬೆಯೊಂದನ್ನು ಬಿಡಿಸಿ, ಮೂಲೆಯಲ್ಲಿ ಒಂದು ಚೂರು ಸಿಕ್ಕಿತು ಎಂದು ಕೊಟ್ಟುಬಿಡಬಹುದು. ಮುದುಕಿ ಹರಸುತ್ತಾಳೆ. ಉಳಿಯನ್ನೂ ಎತ್ತಿಕೊಂಡ. ಆದರೆ ಆ ಶಿಲುಬೆಯನ್ನು ಹಿಡಿದು ಅವಳು ದೇವರ ಮುಂದೆ ನಿಲ್ಲುವವಳು. ತನ್ನ ಸುಳ್ಳನ್ನು ಅವಳ ಕೈಗೆ ಕೊಟ್ಟು ಕಳಿಸುವುದೇ? ಉಳಿಯನ್ನು ಕೆಳಗಿಟ್ಟ.

ಲೋಲಾ ಸೆಬ್ಯಾ ಹೊಸ್ತಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಅಂಬೋ ಅವಳ ಮುಂದೆ ನೆಲದಲ್ಲಿ ಕೂತ. ಖಾಲಿ ಪೆಟ್ಟಿಗೆಯನ್ನು ಅವಳ ಮೊರದ ಪಕ್ಕ ಇಟ್ಟ.

"ಹುಳ ಬಿದ್ದಿರ್ಲಿಲ್ಲ ಲೋಲಾ. ಹುಳ ನಾನೇ. ಕದ್ದೆ, ಆಮೇಲೆ ನಿಮ್ ಮರದ ಮೇಲೇ ತಪ್ಪು ಹೊರಿಸ್ದೆ."

ಮುದುಕಿ ಪೆಟ್ಟಿಗೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಗುಂಡಿಗೆಂದು ಕೊರೆದ ತೂತಿನಲ್ಲಿ ಬೆರಳಿಟ್ಟಳು. ಕಪ್ಪಾದ ಒಳಮೈಯನ್ನು ಮೂಸಿದಳು. ಅವಳ ಮುಖದಲ್ಲಿ ಕ್ಷಮೆ ಇತ್ತೋ ಇಲ್ಲವೋ, ತಲೆ ಎತ್ತಿ ನೋಡುವ ಧೈರ್ಯ ಅಂಬೋಗೆ ಬರಲಿಲ್ಲ. ಅವಳು ಇಷ್ಟೇ ಕೇಳಿದಳು:

"ಚಕ್ಕೆ?"

ಅಂಬೋ ಅಂಗಿಯೊಳಗಿಂದ ಕಾಗದದ ಪೊಟ್ಟಣ ತೆಗೆದ. ಪೆಟ್ಟಿಗೆ ತೋಡಿದ ಚಕ್ಕೆ, ಕೆತ್ತುವ ಮಣೆಯ ಕೆಳಗಿಂದ ಗುಡಿಸಿ ತಂದ ಹೊಟ್ಟು, ಎಲ್ಲ ಅದರಲ್ಲಿತ್ತು. ಎರಡೂ ಕೈಯಿಂದ ಅವಳ ಮಡಿಲಿಗೆ ಇಟ್ಟ.