ಎಲ್ಲರೂ ಬಿದ್ದವರೇ

ನಾನು ಎಸೆದ ಚೊಂಬು ಅಪ್ಪನಿಗೆ ತಾಗಬೇಕಿತ್ತು, ಗೋಡೆಯ ಮೇಲಿದ್ದ ತಾತನ ಪಟಕ್ಕೆ ತಾಗಿತು. ಗಾಜು ಚೂರುಚೂರಾಯಿತು. ತುತ್ತು ತಿನ್ನಿಸಲು ಹೋದವಳ ಮುಖಕ್ಕೆ ಉಗಿದು ಕೆನ್ನೆಗೂ ಬಾರಿಸಿದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ಪಾರ್ಶ್ವವಾಯು ಹೊಡೆದು ಅಪ್ಪನ ಮಾತು ಹೋಯಿತು, ಮೈಯ ಒಂದು ಪಕ್ಕ ಹೋಯಿತು, ಹೊಡೆಯುವ ಕೈ ಮಾತ್ರ ಹೋಗಲಿಲ್ಲ. ಅವರ ಕುಲುಮೆಯಲ್ಲಿ ಕಬ್ಬಿಣ ಬಡಿಯುವವಳೂ ನಾನೇ, ಅವರ ಉಚ್ಚೆ ಬಟ್ಟೆ ಒಗೆಯುವವಳೂ ನಾನೇ.

ಚೂರು ಹೆಕ್ಕುವಾಗ ತಾತನ ಪಟದ ಹಿಂದಿನಿಂದ ಇನ್ನೊಂದು ಫೋಟೋ ಜಾರಿತು. ಕುಲುಮೆಯ ಬಾಗಿಲಲ್ಲಿ ಸಾಲಾಗಿ ನಿಂತ ಮನೆಮಂದಿ. ಬಹಳ ಹಳೆಯದು; ತಾತ, ಅಪ್ಪ ಇಬ್ಬರನ್ನು ಬಿಟ್ಟರೆ ಯಾರ ಗುರುತೂ ಹತ್ತಲಿಲ್ಲ. ಆದರೆ ಇವರಲ್ಲಿ ಒಬ್ಬಳು ನನ್ನ ಅಮ್ಮ ಆಗಿರಲೇಬೇಕು. ಮೊಲೆ ಕುಡಿಯುವ ಕೂಸನ್ನು ಬಿಟ್ಟು ಯಾರದೋ ಹಿಂದೆ ಓಡಿಹೋದವಳು. ಅವಳ ಒಂದು ಚಿತ್ರವನ್ನೂ ನಾನು ಕಂಡಿರಲಿಲ್ಲ. ಕಂಡರೆ ಮೊಳೆಯಿಂದ ಆ ಮುಖ ಕೆರೆದುಹಾಕಬೇಕು ಅಂತ ಚಿಕ್ಕಂದಿನಿಂದ ಹಲ್ಲು ಕಡಿದುಕೊಂಡಿದ್ದೆ.

ಮೊಳೆ ಹಿಡಿದುಕೊಂಡೇ ದೊಡ್ಡಮ್ಮನ ಹತ್ತಿರ ಹೋದೆ. ಅಪ್ಪನ ಅಣ್ಣನ ಹೆಂಡತಿ, ನನ್ನನ್ನು ಸಾಕಿದವಳು.

"ಯಾರ್ಯಾರು ಅಂತ ಹೇಳು."

ಕನ್ನಡಕ ಏರಿಸಿದಳು. ಮುಖದ ಗುರುತು ಬಿಟ್ಟು ಗಾಯದ ಗುರುತು ಹುಡುಕತೊಡಗಿದಳು. "ಈ ಸೊಟ್ಟ ಕಾಲು ನಿನ್ನ ಸೋದರತ್ತೆ. ಮೆಟ್ಟಿಲಿಂದ ಬಿದ್ದಿದ್ಲು. ಈ ಮುರಿದ ಮೂಗು ನಮ್ಮೆಜಮಾನ್ರು. ಬಚ್ಚಲಲ್ಲಿ ಜಾರಿ ಬಿದ್ರು. ಇಲ್ಲಿ ತುಟಿ ಊದಿದೆ ನೋಡು, ಇದು ನಾನು. ನಾನೂ ಬಿದ್ದಿದ್ದೆ."

"ಏನ್ ದೊಡ್ಡಮ್ಮ, ಈ ಮನೆ ನೆಲಕ್ಕೆ ದಿನಾ ಎಣ್ಣೆ ಹಚ್ತಿದ್ರಾ?"

ಅವಳು ಫೋಟೋವನ್ನು ನನ್ನತ್ತ ತಿರುಗಿಸಿದಳು. ನಾನು ಮತ್ತೆ ನೋಡಿದೆ. ತಾತ, ಅಪ್ಪ ಇಬ್ಬರ ಮೈಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ.

ದೊಡ್ಡಮ್ಮನ ಬೆರಳು ಕೊನೆಯ ಹೆಂಗಸಿನ ಮೇಲೆ ನಿಂತಿತು. ಕಂಕುಳಲ್ಲಿ ಕೂಸು. ಒಂದು ಅಂಗೈಗೆ ದಪ್ಪನೆ ಬಟ್ಟೆ ಸುತ್ತಿದೆ, ಮಣಿಕಟ್ಟಿನ ಹತ್ತಿರ ಗಂಟಿನ ಎರಡು ತುದಿ ಮೊಲದ ಕಿವಿಯ ಹಾಗೆ ನಿಮಿರಿವೆ.

"ಇವಳೂ ಬಿದ್ಲಾ?"

"ಇಲ್ಲ. ನೀನು ಅಳು ನಿಲ್ಲಿಸಲಿಲ್ಲ ಅಂತ ನಿಮ್ಮಪ್ಪ ಕಾದ ಇಕ್ಕಳ ತಗೊಂಡು ಬಂದ. ನಿಂಗೆ ತಾಗೋಕೆ ಮುಂಚೆ ನಿಮ್ಮಮ್ಮ ಬರೀ ಕೈಲಿ ಅದನ್ನ ಹಿಡ್ಕೊಂಡ್ಲು. ಬಟ್ಟೆ ಕಟ್ಟಿದ್ದು ನಾನೇ."

ಮೊಳೆ ಕೈಯಿಂದ ಬಿತ್ತು. "ಅದಕ್ಕೇ ಓಡಿಹೋದ್ಲಾ?"

"ಓಡಿಹೋಗೋಳು ನಿನ್ನ ಬಿಟ್ಟು ಹೋಗ್ತಿದ್ಲೇನೇ, ಹುಚ್ಚಿ?" ದೊಡ್ಡಮ್ಮ ಕನ್ನಡಕ ತೆಗೆದಳು. "ಒಂದಿನ ಸುತ್ತಿಗೇಲಿ ತಲೆಗೇ ಹೊಡ್ದ. ಕುಲುಮೆ ಹಿಂದೆ ಬೂದಿ ಸುರೀತೀಯಲ್ಲ, ಅಲ್ಲೇ ಇದಾಳೆ. ಓಡಿಹೋದ್ಲು ಅಂತ ಎಲ್ಲರಿಗೂ ಹೇಳಿದ್ದೂ ನಾನೇ."

ದಿನಾ ಬೆಳಿಗ್ಗೆ ಆ ಬೂದಿಯನ್ನು ಸುರಿದವಳು ನಾನು.

ಕುಲುಮೆಗೆ ಹೋಗಿ ಸುತ್ತಿಗೆ ತಂದೆ. ಮಂಚದ ಪಕ್ಕ ನಿಂತು ಅವನ ಕಣ್ಣಿಗೆ ಫೋಟೋ ಹಿಡಿದೆ. ಹೌದು, ಅವನು, ಇನ್ನು ಅವರು ಇವರು ಅನ್ನುವ ಮರ್ಯಾದೆ ನನ್ನಿಂದಾಗದು.

"ಇವಳು ಯಾರು? ತೋರ್ಸು!"

ಅವನಿಗೆ ಗುರುತು ಸಿಕ್ಕಿತು. ಕಣ್ಣು ಕೆಂಪಾದವು. ತೋರಿಸುವ ಬದಲು ಕೈ ಬೀಸಿದ. ಆ ಕೈಯನ್ನೇ ಹಿಡಿದು ಮಂಚದ ಅಂಚಿಗೆ ಒತ್ತಿ ಸುತ್ತಿಗೆ ಇಳಿಸಿದೆ. ಬೆರಳುಗಳು ಲಟಲಟ ಮುರಿದವು. ಗೋಡೆಗೆ ರಕ್ತ ಚಿಮ್ಮಿತು, ಮಾತಿಲ್ಲದ ಬಾಯಿ ಊಳಿಟ್ಟಿತು. ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ? ತಲೆಗೆ ಗುರಿಯಿಟ್ಟು ಮತ್ತೆ ಎತ್ತಿದೆ.

"ಸಾಕು ಕಣೇ!" ದೊಡ್ಡಮ್ಮ ಹಿಂದಿನಿಂದ ನನ್ನ ರಟ್ಟೆಗೆ ಜೋತುಬಿದ್ದಳು. ಸುತ್ತಿಗೆ ಕಿತ್ತುಕೊಂಡು ಮಂಚದಡಿಗೆ ತಳ್ಳಿದಳು. ಹಳೇ ಸೀರೆಯನ್ನು ಪರ್ರನೆ ಹರಿದು, ಅವನ ಪಕ್ಕ ಕುಳಿತು, ಜಜ್ಜಿಹೋದ ಕೈಗೆ ಸುತ್ತಿದಳು. ಮಣಿಕಟ್ಟಿನ ಹತ್ತಿರ ಗಂಟು ಬಿಗಿದಾಗ ಎರಡು ತುದಿ ಮೊಲದ ಕಿವಿಯ ಹಾಗೆ ನಿಮಿರಿದವು.

"ಯಾರಾದ್ರೂ ಕೇಳಿದ್ರೆ," ನನ್ನ ಕೆನ್ನೆಯ ರಕ್ತವನ್ನು ಸೆರಗಿನಿಂದ ಒರೆಸುತ್ತ ಹೇಳಿದಳು, "ಅಪ್ಪ ಮಂಚದಿಂದ ಬಿದ್ರು ಅನ್ನು."