ಮರೆತ ಹಗೇವು

ನನಗೊಂದು ಕೆಟ್ಟ ಚಟ. ಬರೆದದ್ದನ್ನು ಯಾರಾದರೂ ಮೆಚ್ಚುವ ತನಕ ಊಟ ರುಚಿಸುವುದಿಲ್ಲ. ೧೯೯೮ರಲ್ಲಿ, ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಾಗ, ಅಣುತ್ಯಾಜ್ಯವನ್ನು ನೆಲದಡಿ ಹೂಳುವ ಬಗ್ಗೆ ಕಿರುಪುಸ್ತಕವೊಂದನ್ನು ಬರೆದಿದ್ದೆ. ಅದು ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. ಸಪ್ತಾಪುರದ ಬಾಡಿಗೆ ಮನೆಯಲ್ಲಿ ಮೆಚ್ಚಲು ಸಿಕ್ಕವಳು ಅವ್ವ ಶೇವಂತೆವ್ವ ಒಬ್ಬಳೇ. ಮೆಂತ್ಯಸೊಪ್ಪು ಸೋಸುತ್ತಿದ್ದ ಅವಳಿಗೆ ಕೊನೆಯ ಪುಟ ಓದಿದೆ: ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಯಲ್ಲಿ ತುಂಬಿ, ನೂರಾರು ಮೀಟರ್ ಆಳದ ಗಟ್ಟಿ ಕಲ್ಲಿನಲ್ಲಿ ಮುಚ್ಚಿದರೆ ಸಾವಿರಾರು ವರ್ಷ ಯಾರಿಗೂ ಅಪಾಯವಿಲ್ಲ.

"ಕೆಳಗ ಅದು ಐತಿ ಅಂತ ಮ್ಯಾಲ ಇದ್ದಾವ್ರಿಗೆ ಗೊತ್ತಿರತೈತೇನು?"

"ಗುರುತು ಹಾಕ್ತಾರ ಬೇ."

"ಶಿರಗುಪ್ಪ್ಯಾಗ ಆ ಹಗೇವಿಗೂ ಗುರುತಿತ್ತು."

ಹಗೇವೆಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಒಳಗಿನ ಕೆಟ್ಟ ಗಾಳಿ ಹೋಗಿದೆಯೇ ಎಂದು ಮೊದಲು ದೀಪ ಇಳಿಸಿ ನೋಡುತ್ತಾರೆ. ಆರಿದರೆ ಯಾರೂ ಇಳಿಯಬಾರದು. ನಮ್ಮೂರು ಶಿರಗುಪ್ಪಿಯ ಹಗೇವಿನಲ್ಲಿ ಅಪ್ಪ ಸತ್ತಾಗ ನನಗೆ ಎರಡು ವರ್ಷ. ಅಷ್ಟೇ ನನಗೆ ಗೊತ್ತಿತ್ತು.

"ನಿಮ್ಮಪ್ಪ ದುಡೀತಿದ್ದ ಹೊಲದ ಮಾಲಕ್ರ ಅಜ್ಜ ತುಂಬಿಸಿಟ್ಟಿದ್ದ. ಅಂವ ಸತ್ತ ಮ್ಯಾಲ ಗುರುತಿನ ಕಲ್ಲು ಕಿತ್ತು ಕಟ್ಟೀಗೆ ಹಾಕ್ಕೊಂಡ್ರು. ಮುಂದ ಪಾಯಾ ಅಗಿಯೂವಾಗ ಬಾಯಿ ಸಿಕ್ತು. ಒಳಗ ಜೋಳ ಐತೇನು ನೋಡೂ ಅವಸರ ಅವರಿಗೆ. ದೀಪ ತರೂತನಕಾನೂ ತಡೀಲಿಲ್ಲ, ನಿಮ್ಮಪ್ಪನ್ನ ಇಳಿಸಿದ್ರು. ನಮ್ಮ ಓಣಿಯಾವ್ರನ್ನ ಬಿಟ್ಟು ಮತ್ತ್ಯಾರನ್ನ ಇಳಸ್ತಾರ?"

ನನಗೆ ಸಿಟ್ಟು ಬಂತು, ಅದೂ ಅವಳ ಮೇಲೆ. ಅಚ್ಚಿಗೆ ಹೊರಟ ಪುಸ್ತಕಕ್ಕೆ ಈಗ ಅಡ್ಡಗಾಲು!

"ಅದ ಬ್ಯಾರೆ, ಇದ ಬ್ಯಾರೆ. ಇದು ಕಲ್ಲಿನ ಹೊಟ್ಟ್ಯಾಗ ಇರತೈತಿ."

"ಕಲ್ಲಿನ ಮಾತು ಖರೇ ಇರಬೇಕು ಕರುಣಾ, ನೀ ಓದಿದಾಕಿ. ನಾ ಮಂದೀದು ಕೇಳಾಕತ್ತೇನಿ."

ಕೊನೆಯ ಪುಟವನ್ನು ಮತ್ತೆ ತೆಗೆದೆ. ಕಲ್ಲಿನ ಬಗ್ಗೆ ಬರೆದ ಒಂದು ಅಕ್ಷರವನ್ನೂ ನಾನು ಇವತ್ತಿಗೂ ಬದಲಿಸುವುದಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆದರೆ 'ಯಾರಿಗೂ ಅಪಾಯವಿಲ್ಲ' ಎಂಬುದನ್ನು ಹೊಡೆದುಹಾಕಿದೆ. ಕೆಳಗೇನಿದೆ ಎಂದು ಪ್ರತಿ ತಲೆಮಾರೂ ಮುಂದಿನವರಿಗೆ ಹೇಳುತ್ತಲೇ ಇರಬೇಕು ಎಂದು ಸೇರಿಸಿ, ಅದರ ಕೆಳಗೆ ಶಿರಗುಪ್ಪಿಯ ಹನುಮಪ್ಪ ಎಂಬವರ ಸಾವಿನ ಕಥೆ ಬರೆದೆ. ಅದನ್ನೂ ಅವ್ವನಿಗೆ ಓದಿ ಹೇಳಿ, ಅವಳ ಮುಖ ನೋಡಿದೆ.

ಅವ್ವ ಅಳಲಿಲ್ಲ. ಸೊಪ್ಪು ಬದಿಗಿಟ್ಟು ಕೈ ಒರೆಸಿಕೊಂಡಳು.

"ನಿಮ್ಮಪ್ಪನ ಹೆಸರೊಂದ ಬರದ್ರ ಹೆಂಗವಾ? 'ದೀಪ ಬ್ಯಾಡ, ಇಳಿ' ಅಂದಾವ್ರು ಮೂರು ಮಂದಿ. ಹೇಳತೇನಿ, ಬರಕೋ."