ಸೋರುವುದು ನಿಂತ ಮೇಲೆ

ನಮ್ಮ ಕಾರಿನ ಕೆಳಗೆ ಯಾವಾಗಲೂ ಅಂಗೈಯಗಲದ ಒಂದು ಒದ್ದೆ ಕಲೆ ಇರುತ್ತಿತ್ತು. ರೇಡಿಯೇಟರಿನಿಂದ ನೀರು ತೊಟ್ಟಿಕ್ಕಿ ಅಂಗಳದ ಮಣ್ಣು ಅಲ್ಲಿ ಕಪ್ಪಾಗಿತ್ತು. ಬೆಳಿಗ್ಗೆ ಅಮ್ಮ ಒಂದು ತಂಬಿಗೆ ನೀರು ಹೊಯ್ದು ಕಾರು ಹೊರಡಿಸುತ್ತಿದ್ದಳು. ಅಷ್ಟಕ್ಕೇ ಎಲ್ಲವೂ ಸರಿಹೋಗುತ್ತಿತ್ತು.

ಕಾರು ಓಡಿಸುತ್ತಿದ್ದವಳು ಅಮ್ಮನೇ. ಅಪ್ಪನಿಗೆ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಮಂಜಾಗಿತ್ತು. ಆದರೂ ಮನೆಯ ಫ್ಯಾನು, ಹೊಲಿಗೆ ಯಂತ್ರ, ಪಕ್ಕದವರ ರೇಡಿಯೊ ಎಲ್ಲವನ್ನೂ ಮುಟ್ಟಿ ನೋಡಿಯೇ ಸರಿಮಾಡುತ್ತಿದ್ದ. ಅವನಿಗಿದ್ದ ಒಂದೇ ಹೆಮ್ಮೆ ಅದು.

ಆ ದಿನಗಳಲ್ಲಿ ಬೇರೆ ಊರಿನಲ್ಲಿದ್ದ ದೊಡ್ಡಮ್ಮ, ಅಮ್ಮನ ಅಕ್ಕ ಗಂಗಕ್ಕ, ಹಾಸಿಗೆ ಹಿಡಿದಿದ್ದಳು. ಅಮ್ಮನಿಗೆ ಹೆತ್ತ ತಾಯಿಯ ಮುಖ ನೆನಪಿಲ್ಲ. ತಲೆ ಬಾಚಿ, ತುತ್ತು ಕಲಸಿಕೊಟ್ಟು ಬೆಳೆಸಿದವಳು ಈ ಗಂಗಕ್ಕನೇ. ಬಿಡುವಾದಾಗಲೆಲ್ಲ ಅಮ್ಮ ಕಾರಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದಳು. ದಾರಿಯಲ್ಲಿ ದೊಡ್ಡ ದಿಣ್ಣೆಯೊಂದಿತ್ತು. ಅಲ್ಲಿ ಕಾರು ಕೈಕೊಟ್ಟರೆ ಏನು ಗತಿ ಎಂದು ಅಪ್ಪನಿಗೆ ಚಿಂತೆ ಹತ್ತಿತು.

"ಕಾರು ಬಿಟ್ಟು ಹೋಗಿ, ಬಿಚ್ಚಿ ಬೆಸುಗೆ ಹಾಕಬೇಕು. ವಾರ ಹಿಡಿಯುತ್ತೆ" ಎಂದರು ಗ್ಯಾರೇಜಿನ ಮಸ್ತಾನ್ ಸಾಬರು.

ಅಷ್ಟು ದಿನ ಅಮ್ಮನನ್ನು ಕಾರಿಲ್ಲದೆ ಕೂರಿಸಲು ಅಪ್ಪನಿಗೆ ಮನಸ್ಸಾಗಲಿಲ್ಲ. ಸೋರಿಕೆ ಕಟ್ಟುವ ಪುಡಿಯೊಂದನ್ನು ಅಂಗಡಿಯಿಂದ ತಂದು ತಾನೇ ರೇಡಿಯೇಟರಿಗೆ ಸುರಿದ. ಹನಿ ನಿಲ್ಲಲಿಲ್ಲ. ಇನ್ನಷ್ಟು ಸುರಿದ. ಮರುದಿನ ನೋಡಿದರೆ ಅಂಗಳದ ಕಲೆ ಒಣಗಿತ್ತು. ಅಪ್ಪ ಕುಕ್ಕರಗಾಲಲ್ಲಿ ಕೂತು ಆ ಮಣ್ಣನ್ನು ಅಂಗೈಯಿಂದ ಸವರಿದ.

"ನೋಡೇ ನೀಲಾ, ಒಂದು ತೊಟ್ಟೂ ಇಲ್ಲ!"

"ನಿಮ್ಮ ಕೈಗುಣ ಕಣ್ರೀ" ಎಂದು ಅಮ್ಮ ನಕ್ಕಳು.

ಅದಾದ ಸ್ವಲ್ಪ ದಿನಕ್ಕೇ ದೊಡ್ಡಪ್ಪ ಹೇಳಿಕಳಿಸಿದರು: ನೀಲಾ ಎಲ್ಲಿ ಅಂತ ಕೇಳ್ತಿದ್ದಾಳೆ, ಕೂಡಲೇ ಬನ್ನಿ. ಮೂವರೂ ಹೊರಟೆವು. ಅಪ್ಪ ಅಮ್ಮನ ಪಕ್ಕ, ಮಡಿಲಲ್ಲಿ ಗಂಜಿಯ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದ. ನಾನು ಹಿಂದಿನ ಸೀಟಿನಲ್ಲಿದ್ದೆ. ಅಮ್ಮ ಎಂದೂ ಇಲ್ಲದ ವೇಗದಲ್ಲಿ ಓಡಿಸಿದಳು. ದಿಣ್ಣೆ ಅರ್ಧ ಏರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ನುಗ್ಗಿತು. ಒಳಗೇನೋ ಠಣ್ಣೆಂದು ಒಡೆಯಿತು. ಕಾರು ನಿಂತಿತು. ಅಪ್ಪ ಇಳಿದು, ಅವಸರದಲ್ಲಿ ಬಾನೆಟ್ಟು ಎತ್ತಲು ಹೋಗಿ ಕೈ ಸುಟ್ಟುಕೊಂಡ.

ಆ ದಾರಿಯಲ್ಲಿ ವಾಹನಗಳು ಅಪರೂಪ. ಕೊನೆಗೆ ತರಕಾರಿ ಸಾಗಿಸುವ ಟೆಂಪೊದವನೊಬ್ಬ ನಮ್ಮನ್ನು ಹತ್ತಿಸಿಕೊಂಡ. ನಾವು ಮುಟ್ಟಿದಾಗ ದೊಡ್ಡಮ್ಮನ ಮನೆಯ ಮುಂದೆ ಜನ ಸೇರಿದ್ದರು.

"ಈಗ ತಾನೇ ಹೋದಳಮ್ಮ" ಎಂದರು ದೊಡ್ಡಪ್ಪ. "ಬೀದೀಲಿ ಯಾವ ಗಾಡಿ ಸದ್ದಾದರೂ ಕಣ್ಣು ಬಿಡ್ತಿದ್ದಳು."

ಪುಡಿ ಗಟ್ಟಿಯಾಗಿ ರೇಡಿಯೇಟರಿನ ಸಣ್ಣ ಕೊಳವೆಗಳೆಲ್ಲ ಕಟ್ಟಿಕೊಂಡಿದ್ದವು, ನೀರು ಓಡದೆ ಕಾದು ಇಂಜಿನ್ ಸೀಳಿಹೋಗಿತ್ತು ಎಂದು ಮಸ್ತಾನ್ ಸಾಬರು ಆಮೇಲೆ ತಿಳಿಸಿದರು. ಕಾರು ಗುಜರಿಗೆ ಹೋಯಿತು. ಅಪ್ಪ ತನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. ಆ ಬೇಸಿಗೆಯಲ್ಲಿ ನಡುಮನೆಯ ಫ್ಯಾನು ಕೆಟ್ಟಿತು. ಅದನ್ನವನು ಮುಟ್ಟಲಿಲ್ಲ, ಮುಟ್ಟಿ ಎಂದು ನಾವೂ ಹೇಳಲಿಲ್ಲ. ನೆಂಟರು ಎದುರಿಗೇ ಅವನನ್ನು ದೂರಿದರು. ಅಮ್ಮ ಒಂದು ಮಾತೂ ಆಡಲಿಲ್ಲ. ಅವಳ ಆ ಮೌನವನ್ನೇ ಅಪ್ಪ ತನಗಿತ್ತ ತೀರ್ಪೆಂದು ತಿಳಿದ.

ದೊಡ್ಡಮ್ಮನ ವರ್ಷದ ಕಾರ್ಯ ಬಂತು. ಹೊರಡುವ ಬೆಳಿಗ್ಗೆ ಅಪ್ಪ ಎದ್ದವನೇ ಗೋಡೆಗೊರಗಿ ಕೂತುಬಿಟ್ಟ.

"ನೀವಿಬ್ಬರೂ ಹೋಗಿಬನ್ನಿ. ಅಕ್ಕನ ಮುಖ ನಿನಗೆ ತಪ್ಪಿಸಿದವನು ನಾನು. ಅಲ್ಲಿಗೆ ಯಾವ ಮುಖ ಹೊತ್ತು ಬರಲಿ?"

ಸೀರೆ ಮಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ರೀ, ಮುಳ್ಳು ಕೆಂಪಿಗೆ ಹೋಗಿತ್ತು."

"ಯಾವ ಮುಳ್ಳು?"

"ಕಾರಿನದು, ಬಿಸಿ ತೋರಿಸೋದು. ದಿಣ್ಣೆಯ ಬುಡದಲ್ಲೇ ಹೋಗಿತ್ತು, ನಾನು ನೋಡಿದೆ. ಪಕ್ಕದಲ್ಲೇ ಬಾವಿ ಇತ್ತು. ನಿಲ್ಲಿಸಿ ಆರಿಸಿ ನೀರು ಹಾಕಿದ್ದರೆ ಹೇಗೋ ಮುಟ್ಟುತ್ತಿದ್ದೆವೇನೋ. ಹೊತ್ತಾಗುತ್ತೆ ಅಂತ ನಿಲ್ಲಿಸಲಿಲ್ಲ." ಅವಳು ಸೀರೆಯನ್ನು ಪಕ್ಕಕ್ಕಿಟ್ಟಳು. "ನಿಮಗೆ ಅದು ಕಾಣಿಸಲ್ಲ ಅಂತ ಗೊತ್ತಿತ್ತು. ಆಮೇಲೆ ಎಲ್ಲರೂ ನಿಮ್ಮನ್ನೇ ಅಂದರು. ಅನ್ನಲಿ ಅಂತ ಬಿಟ್ಟೆ."

ಅಪ್ಪನಿಗೆ ಕೋಪ ಬರುತ್ತದೆಂದು ನಾನು ಬಾಗಿಲ ಹತ್ತಿರ ಕಾಯುತ್ತ ನಿಂತಿದ್ದೆ.

"ಆ ಬಾವಿಗೆ ಹಗ್ಗ ಇತ್ತಾ?" ಎಂದು ಕೇಳಿದ ಅಪ್ಪ.

"ಇತ್ತು."

"ನಿಲ್ಲಿಸಬೇಕಾಗಿತ್ತು, ನೀಲಾ."

"ಹೂಂ."

ಅವನು ಗೋಡೆ ಹಿಡಿದು ಎದ್ದ. ಬಚ್ಚಲಿಗೆ ಹೋಗಿ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದ.

ಬಸ್ಸಿನಲ್ಲಿ ಅವರಿಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಒಂದು ತಿರುವಿನಲ್ಲಿ ಬಿಸಿಲು ಕಿಟಕಿಯಿಂದ ನೇರವಾಗಿ ಅಪ್ಪನ ಮುಖಕ್ಕೆ ಬಿತ್ತು. ಅಮ್ಮ ಸೆರಗಿನ ತುದಿಯನ್ನು ಕಿಟಕಿಗೆ ಅಡ್ಡ ಹಿಡಿದಳು. ಅಪ್ಪ ನಿದ್ದೆಹೋದ ಮೇಲೂ, ಬಸ್ಸು ಎಷ್ಟು ಕುಲುಕಿದರೂ, ಅವಳು ಕೈ ಇಳಿಸಲಿಲ್ಲ.